‘ಲೂಟೇರಾ’ ನೋಡಿದವರು ಬನ್ನಿ: ಇಂಟರ್ವಲ್ ಆದಮೇಲೆ ಆ ಪ್ರೇಮಕಥೆ ಎಲ್ಲಿಗೆ ಹೋಯ್ತು?

ಹಿಂದಿನ_ಬೆಂಚು

ಮೊದಲೇ ಹೇಳಿಬಿಡ್ತೀನಿ, ಕೊನೆ ದೃಶ್ಯದವರೆಗೂ ಇಲ್ಲಿ ಮಾತಾಡ್ತೀವಿ. ನೋಡದೇ ಇದ್ದವರು ನೋಡ್ಕೊಂಡೇ ಬನ್ನಿ, ಆಮೇಲೆ ನನ್ನ ಬೈಬೇಡಿ.

ಈ ಹಿಂದಿ ಸಿನಿಮಾನ 2013ರ ಜುಲೈನಲ್ಲಿ ಬಿಡುಗಡೆಯಾದ ವಾರವೇ ಥಿಯೇಟರಿನಲ್ಲಿ ನೋಡಿ ಸಿಟ್ಟು ಮಾಡ್ಕೊಂಡು ಎದ್ದು ಬಂದಿದ್ದೆ. ನಿನ್ನೆ ರಾತ್ರಿ ಮತ್ತೆ ನೋಡಿದೆ. ಸಿಟ್ಟು ಸ್ವಲ್ಪ ಇಳಿದಿದೆ, ಪೂರ್ತಿ ಹೋಗಿಲ್ಲ.

ನನ್ನ ತಕರಾರು ಇಷ್ಟೇ. ಮೊದಲರ್ಧ ಒಂದು ಸಿನಿಮಾ. 1953, ಬಂಗಾಳದ ಮಾಣಿಕ್‌ಪುರ, ದೊಡ್ಡ ಹವೇಲಿ, ಮುದ್ದಿನ ಮಗಳು ಪಾಖಿ, ಪುರಾತತ್ವ ಇಲಾಖೆಯವನು ಅಂತ ಬರೋ ವರುಣ್. ಇಬ್ಬರೂ ಪೇಂಟಿಂಗ್ ಕಲಿಯೋ ನೆಪದಲ್ಲಿ ಕೂರ್ತಾರೆ, ಅವನಿಗೆ ಒಂದು ಎಲೆ ಕೂಡ ನೆಟ್ಟಗೆ ಬಿಡಿಸೋಕೆ ಬರಲ್ಲ. ಎಷ್ಟು ನಿಧಾನ, ಎಷ್ಟು ಚೆಂದ! ಆಮೇಲೆ ನಿಶ್ಚಿತಾರ್ಥದ ದಿನ ಆಸಾಮಿ ನಾಪತ್ತೆ. ದೇವಸ್ಥಾನದ ವಿಗ್ರಹ ಇಲ್ಲ, ನೆಲದಡಿ ಸುರಂಗ, ಜಮೀನ್ದಾರನ ಕೈಲಿರೋದು ಖೋಟಾ ನೋಟು. ಇಂಟರ್ವಲ್ ಮುಗಿದ್ರೆ ಹಿಮ, ಕ್ಷಯ, ಪೊಲೀಸು, ಗುಂಡು. ನಾನು ಟಿಕೆಟ್ ತಗೊಂಡಿದ್ದು ಮೊದಲನೆಯದಕ್ಕೆ. ಎರಡನೆಯದನ್ನ ನನ್ನ ತಟ್ಟೆಗೆ ಕೇಳದೇ ಬಡಿಸಿದ್ರು.

ಪ್ರೇಮಕಥೆ ಅಂತ ನಂಬಿಸಿ ಸಸ್ಪೆನ್ಸ್ ಕೊಡೋದು ಪ್ರೇಕ್ಷಕನಿಗೆ ಮಾಡೋ ಮೋಸ ಅಲ್ವಾ? ನಿಮಗೇನು ಅನ್ನಿಸ್ತು?

ರಾತ್ರಿಪಾಳಿ

ನನಗೆ ಅನ್ನಿಸಿದ್ದು ವಾಲ್ಯೂಮ್ ಕಮ್ಮಿ ಇದೆ ಅಂತ. ಎಲ್ಲರೂ ಪಿಸುಪಿಸು. ಹೀರೋ ಬಾಯಿ ತೆಗೆದಾಗಲೆಲ್ಲ ರಿಮೋಟ್ ಹುಡುಕ್ತಿದ್ದೆ.

ಉದ್ದಜಡೆ

ಹಿಂದಿನ ಬೆಂಚಿನವರೇ, ನಿಮಗೆ ಮೋಸ ಆಯ್ತು ಅಂತೀರಿ. ಪಾಖಿಗೆ ಆಗಿದ್ದೇನು ಹಾಗಾದ್ರೆ?

ನೀವು ಒಂದೂಕಾಲು ಗಂಟೆ ಅವನನ್ನ ನಂಬಿದ್ರಿ, ಅವಳು ತಿಂಗಳುಗಟ್ಟಲೆ ನಂಬಿದ್ಲು. ನಿಮಗೆ ಟಿಕೆಟ್ ದುಡ್ಡು ಹೋಯ್ತು, ಅವಳಿಗೆ ಅಪ್ಪನೇ ಹೋದ. ನಿಮಗೆ ಬಂದ ಸಿಟ್ಟಿದೆಯಲ್ಲ, ಅದು ಸಿನಿಮಾ ಕೆಟ್ಟದ್ದಾಗಿದ್ದಕ್ಕೆ ಬಂದಿದ್ದಲ್ಲ. ಅದು ಅವಳ ಸಿಟ್ಟು, ನಿಮಗೂ ಒಂದು ಪಾಲು ಸಿಕ್ಕಿದೆ. ಆ ನಿಧಾನದ ಮೊದಲರ್ಧ ಇಲ್ಲದೇ ಹೋಗಿದ್ರೆ ಎರಡನೇ ಅರ್ಧದಲ್ಲಿ ಅವನು ಬಾಗಿಲಿಗೆ ಬಂದಾಗ ನಮ್ಮ ಹೊಟ್ಟೆಯೊಳಗೆ ಏನೂ ಆಗ್ತಿರಲಿಲ್ಲ.

ನನ್ನ ತಕರಾರು ಬೇರೆ ಇದೆ, ಅದನ್ನ ಆಮೇಲೆ ಬರೀತೀನಿ. ಮಗು ಎದ್ದಿದೆ.

ಹಳೆ_ರೀಲು

ಈ ತಿರುವು ಹೊಸದೇನಲ್ಲ. ಪ್ರೇಮದಿಂದ ಶುರುವಾಗಿ ಗಂಡನ ಮೇಲೆ, ಪ್ರಿಯಕರನ ಮೇಲೆ ಅನುಮಾನಕ್ಕೆ ಹೊರಳುವ ಚಿತ್ರಗಳು 1940ರ ದಶಕದಲ್ಲಿ ಸಾಲುಸಾಲಾಗಿ ಬಂದವು. ಎರಡನ್ನು ಈ ಚಿತ್ರದ ಪಕ್ಕ ಇಟ್ಟು ನೋಡಬೇಕು.

‘ರೆಬೆಕಾ’, 1940. ಮದುವೆಯಾಗಿ ದೊಡ್ಡ ಮನೆಗೆ ಬಂದ ಹುಡುಗಿಗೆ ಗಂಡನ ಮೊದಲ ಹೆಂಡತಿಯ ನೆರಳು ಕಾಡುತ್ತದೆ. 1938ರ ಮೂಲ ಕಾದಂಬರಿಯಲ್ಲಿ ಗಂಡ ಆ ಮೊದಲ ಹೆಂಡತಿಯನ್ನು ಗುಂಡಿಟ್ಟು ಕೊಂದಿರುತ್ತಾನೆ. ಆದರೆ ಆಗಿನ ಹಾಲಿವುಡ್ ನೀತಿಸಂಹಿತೆಯ ಪ್ರಕಾರ ಕೊಲೆಗಾರ ಶಿಕ್ಷೆಯಿಲ್ಲದೆ ಹೆಂಡತಿಯ ಜೊತೆ ಸುಖವಾಗಿರುವಂತಿಲ್ಲ. ಹಾಗಾಗಿ ಚಿತ್ರದಲ್ಲಿ ಅದು ಬಿದ್ದು ಸತ್ತ ಆಕಸ್ಮಿಕವಾಯಿತು. ನಾಯಕನ ಕೈ ತೊಳೆದು ಕೊಟ್ಟರು.

‘ಗ್ಯಾಸ್‌ಲೈಟ್’, 1944. ವಿಕ್ಟೋರಿಯನ್ ಲಂಡನ್ನು. ಹುಡುಗಿಯನ್ನು ಪ್ರೀತಿಸಿ ಮದುವೆಯಾದವನು ನಿಜಕ್ಕೂ ಹುಡುಕುತ್ತಿರುವುದು ಆ ಮನೆಯ ಅಟ್ಟದಲ್ಲಿರುವ ಒಡವೆ. ಹೆಂಡತಿಗೆ ಹುಚ್ಚು ಅಂತ ಅವಳೇ ನಂಬುವ ಹಾಗೆ ಮಾಡುತ್ತಾನೆ. ಈಗ ಎಲ್ಲರ ಬಾಯಲ್ಲೂ ಓಡಾಡುವ ‘ಗ್ಯಾಸ್‌ಲೈಟಿಂಗ್’ ಅನ್ನುವ ಮಾತು ಅಲ್ಲಿಂದಲೇ ಬಂದದ್ದು. ಇಲ್ಲಿ ಪ್ರೇಮ ಪೂರಾ ನಾಟಕ, ಅವನು ಬರಿಯ ಕಳ್ಳ. ಕೊನೆಗೆ ಅವಳು ಅವನನ್ನು ಬಿಟ್ಟುಕೊಟ್ಟಾಗ ನಮಗೆ ನಿರಾಳ.

‘ಲೂಟೇರಾ’ ಈ ಎರಡೂ ಸುಲಭದ ದಾರಿಯನ್ನು ಬಿಟ್ಟಿದೆ. ವರುಣನ ಕೈ ತೊಳೆದಿಲ್ಲ, ಅವನು ಕಳ್ಳನೇ. ಹಾಗಂತ ಅವನ ಪ್ರೀತಿ ಸುಳ್ಳು ಅಂತಲೂ ಹೇಳಿಲ್ಲ. ಎರಡನ್ನೂ ಒಟ್ಟಿಗೆ ನಿಜ ಅಂತ ಇಟ್ಟರೆ ಕಥೆ ಹೇಳುವುದು ಕಷ್ಟ. ಆ ಕಷ್ಟವನ್ನು ಮೈಮೇಲೆ ಹಾಕಿಕೊಂಡದ್ದಕ್ಕೆ ನನ್ನದೊಂದು ನಮಸ್ಕಾರ.

ಹಿಂದಿನ_ಬೆಂಚು

ಹಳೆ ರೀಲು ಸರ್, ಒಪ್ಪಿದೆ. ಆದ್ರೆ ‘ಗ್ಯಾಸ್‌ಲೈಟ್’ನಲ್ಲಿ ಗಂಡನ ಮೇಲೆ ಅನುಮಾನ ಬೇಗನೇ ಬರುತ್ತೆ. ನಮಗೆ ಗೊತ್ತು, ಅವಳಿಗೆ ಗೊತ್ತಿಲ್ಲ, ಅಲ್ಲಿಂದ ಎದೆಬಡಿತ ಶುರು. ಇಲ್ಲಿ ಹಾಗಿಲ್ಲ. ಧುತ್ತಂತ ಬಂತು.

ಗುಬ್ಬಚ್ಚಿ

ಧುತ್ತಂತ ಏನ್ ಬಂತು ಗುರು?? ವರುಣ್ ಮತ್ತೆ ಅವನ ಗೆಳೆಯ ಮೂಲೆಯಲ್ಲಿ ಗುಸುಗುಸು ಮಾಡೋದು, ಪಾಖಿ ಪ್ರೀತಿ ಅಂತ ಹತ್ರ ಬಂದಾಗೆಲ್ಲ ಇವನ ಮುಖ ಪೆಚ್ಚಾಗೋದು, ಅದನ್ನೆಲ್ಲ ನಾಚಿಕೆ ಅಂದ್ಕೊಂಡ್ಯಾ? ನಾನಂತೂ ಅರ್ಧ ಗಂಟೆಗೇ ‘ಇವ್ನು ಆಸಾಮಿ ಸರಿ ಇಲ್ಲ’ ಅಂದೆ. ಪಕ್ಕದಲ್ಲಿದ್ದ ಅಕ್ಕ ‘ಸುಮ್ನೆ ನೋಡು’ ಅಂತ ಗದರಿದ್ಲು.

ಮತ್ತೆ ಹೆಸರೇ ‘ಲೂಟೇರಾ’. ದರೋಡೆಕೋರ ಅಂತ ಬೋರ್ಡ್ ಹಾಕ್ಕೊಂಡು ಬಂದವನನ್ನ ನಂಬಿದ್ದು ಯಾರ ತಪ್ಪು? 😂

ಹಿಂದಿನ_ಬೆಂಚು

ಹೃದಯ ಕದಿಯೋನು ಅಂತ ಅಂದ್ಕೊಂಡಿದ್ದೆ ಮಾರಾಯ.

ಮಸಿಕುಡಿಕೆ

ಇದನ್ನು ‘ಪೀರಿಯಡ್ ರೊಮ್ಯಾನ್ಸ್’ ಅಂದಕೂಡಲೇ ಎಲ್ಲರೂ ಸೀರೆ, ಕಾರು, ಗ್ರಾಮಫೋನು, ಹವೇಲಿಯ ಕಂಬ ಇಷ್ಟರಲ್ಲೇ ನಿಲ್ಲುತ್ತಾರೆ. (ಹವೇಲಿಯ ಚಿತ್ರೀಕರಣ ಆದದ್ದು ಹೂಗ್ಲಿ ಜಿಲ್ಲೆಯ ಇಟಾಚುನಾ ರಾಜಬಾಡಿಯಲ್ಲಿ. ಅದು ನಿಜಕ್ಕೂ ಇದೆ, ನಿಜಕ್ಕೂ ಅಷ್ಟೇ ದೊಡ್ಡದಿದೆ.) ನಾನು ಹೇಳಬೇಕಾದ್ದು ಕಾನೂನಿನ ಬಗ್ಗೆ. ಆಕಳಿಸಬೇಡಿ, ಈ ಸಸ್ಪೆನ್ಸಿನ ಬೇರು ಇರುವುದೇ ಅಲ್ಲಿ.

ಬಂಗಾಳದ ಜಮೀನ್ದಾರಿಗೆ 1793ರ ಕಾಯಂ ಗುತ್ತಾ ವ್ಯವಸ್ಥೆ (ಜಮೀನ್ದಾರರು ಕಟ್ಟಬೇಕಾದ ಕಂದಾಯವನ್ನು ಬ್ರಿಟಿಷರು ಶಾಶ್ವತವಾಗಿ ಗೊತ್ತುಮಾಡಿದ ಏರ್ಪಾಡು) ತಳಪಾಯ. ಅಲ್ಲಿಂದ ಲೆಕ್ಕ ಹಾಕಿದರೆ ಪಾಖಿಯ ಅಪ್ಪನ ಕಾಲಕ್ಕೆ ನೂರಾ ಅರವತ್ತು ವರ್ಷ. ಸ್ವಾತಂತ್ರ್ಯ ಬಂದಮೇಲೆ ಒಂದೊಂದೇ ರಾಜ್ಯ ಜಮೀನ್ದಾರಿ ರದ್ದತಿ ಕಾಯ್ದೆ ತಂದಿತು. ಜಮೀನ್ದಾರರು ಕೋರ್ಟಿಗೆ ಹೋದರು. ಆ ಕಾಯ್ದೆಗಳನ್ನು ಉಳಿಸಿಕೊಳ್ಳಲು 1951ರಲ್ಲಿ ಸಂವಿಧಾನಕ್ಕೆ ಮೊದಲನೇ ತಿದ್ದುಪಡಿ ಮಾಡಿ ಒಂಬತ್ತನೇ ಅನುಸೂಚಿ (ಕೋರ್ಟು ರದ್ದು ಮಾಡದ ಹಾಗೆ ಕಾಯ್ದೆಗಳನ್ನು ಇಟ್ಟ ಪಟ್ಟಿ) ಸೇರಿಸಿದರು. ಪಶ್ಚಿಮ ಬಂಗಾಳದ ಎಸ್ಟೇಟ್ ಸ್ವಾಧೀನ ಕಾಯ್ದೆ ಬಂದದ್ದು 1953ರಲ್ಲಿ. ಕಥೆ ನಡೆಯುವ ವರ್ಷವೂ ಅದೇ. ಸುಮ್ಮನೆ ಹಳೇ ಕಾಲ ಅಂತ ಒಂದು ವರ್ಷವನ್ನು ಬೊಟ್ಟಿಟ್ಟು ಆರಿಸಿದ್ದಲ್ಲ.

ಈಗ ಆ ಅಪ್ಪನ ಜಾಗದಲ್ಲಿ ಕೂತು ನೋಡಿ. ಸರಕಾರ ಎಲ್ಲ ತಗೊಳ್ಳುತ್ತದೆ ಅಂತ ಗೊತ್ತು. ಯಾವಾಗ, ಎಷ್ಟು, ಅದು ಗೊತ್ತಿಲ್ಲ. ಅಂಥ ಹೊತ್ತಿನಲ್ಲಿ ಒಬ್ಬ ಮೃದು ಮಾತಿನ ಹುಡುಗ ಸರಕಾರಿ ಕಾಗದ ಹಿಡಿದು ಬರುತ್ತಾನೆ. ಪುರಾತತ್ವ ಇಲಾಖೆ ಅಂದರೆ 1861ರಿಂದ ಇರುವ ದೊಡ್ಡ ಹೆಸರು. ನೆಲದಲ್ಲಿ ಸಿಕ್ಕ ನಿಧಿಯ ಬೆಲೆ ಹತ್ತು ರೂಪಾಯಿ ದಾಟಿದರೆ ಕಲೆಕ್ಟರಿಗೆ ತಿಳಿಸಬೇಕು ಅನ್ನುವ 1878ರ ಕಾನೂನು ಬೇರೆ ಇತ್ತು. ಅಂದಮೇಲೆ ಅಗೆಯಲು ಬಂದ ಇಲಾಖೆಯವನನ್ನು ಯಾರು ತಡೆಯುತ್ತಾರೆ? ಮನೆಯ ಹಳೆ ಸಾಮಾನನ್ನು ಸರಕಾರದ ಕೈಗೆ ಹೋಗುವ ಮೊದಲೇ ಮಾರಿಬಿಡೋಣ ಅಂತ ಯಾರಿಗೆ ಅನ್ನಿಸುವುದಿಲ್ಲ?

ಅಂದರೆ ವರುಣನ ಗ್ಯಾಂಗು ದೋಚಿದ್ದು ಪ್ರೀತಿಯ ಬಲದಿಂದಲ್ಲ, ಆ ವರ್ಷದ ಭಯದ ಬಲದಿಂದ. ಪ್ರೀತಿ ಅವರ ಯೋಜನೆಯಲ್ಲೇ ಇರಲಿಲ್ಲ. ನಡುವೆ ಬಂದು ಯೋಜನೆಯನ್ನು ಕೆಡಿಸಿದ್ದೇ ಅದು. ನನ್ನ ಮಟ್ಟಿಗೆ ಇದು ಮೊದಲ ದೃಶ್ಯದಿಂದಲೇ ಸಸ್ಪೆನ್ಸ್ ಚಿತ್ರ, ಅದರೊಳಗೆ ಪ್ರೇಮ ನುಗ್ಗಿ ಕೂತಿದೆ. ಹಿಂದಿನ ಬೆಂಚಿನವರು ತಿರುವುಮುರುವು ಮಾಡಿ ಓದಿದ್ದಾರೆ.

ರಾತ್ರಿಪಾಳಿ

ಸರ್ ನೀವು ಇತಿಹಾಸದ ಮೇಷ್ಟ್ರಾ? ನಮ್ಮ ಮೇಷ್ಟ್ರು ಹೀಗೆ ಹೇಳಿದ್ರೆ ನಾನು ಪಾಸಾಗ್ತಿದ್ದೆ.

ಜವಾರಿ_ಮಾತು

ನಮಸ್ಕಾರ್ರೀ ಎಲ್ಲಾರಿಗೂ. ಮಸಿಕುಡಿಕಿ ಸರ್ ಹೇಳಿದ್ದು ಖರೇ ಐತಿ. ನಾ ಇನ್ನೊಂದ್ ಹೇಳ್ತೀನ್ರಿ, ಯಾರೂ ಅದರ ಸುದ್ದಿನ ತಗದಿಲ್ಲ.

ಸಿನಿಮಾ ಶುರುವಿಗೆ ಅಪ್ಪ ಮಗಳಿಗೆ ಒಂದ್ ಕಥಿ ಹೇಳ್ತಾನ. ಒಬ್ಬ ರಾಜಾ, ಅವನ ಜೀವ ಒಂದು ಗಿಳಿಯೊಳಗ. ಗಿಳಿ ಇರೋತನ ರಾಜಾಗ ಸಾವಿಲ್ಲ. ನೀನ ನನ್ನ ಗಿಳಿ ಅಂತಾನ ಮಗಳಿಗೆ. ಪಾಖಿ ಅಂದ್ರನ ಹಕ್ಕಿ ಅಂತ ಅರ್ಥರಿ ಬಂಗಾಲಿಯೊಳಗ. ನಮ್ಮ ಅಜ್ಜಿನೂ ಹೇಳ್ತಿದ್ಲು ಇಂಥಾ ಕಥಿ, ಏಳು ಸಮುದ್ರದ ಆಚಿ ಗಿಳಿ, ಅದರ ಕುತಗಿ ಹಿಚುಕಿದ್ರ ರಾಕ್ಷಸನ ಗೋಣು ಇಲ್ಲಿ ಬೀಳೂದು.

ಈಗ ಎರಡನೇ ಅರ್ಧ ನೆನಸ್ರಿ. ಮಗಳು ಅಪ್ಪ ಹೇಳಿದ ಕಥಿಯನ್ನ ತಾನ ಮಾಡಾಕತ್ತಾಳ. ಕಿಡಕಿ ಹೊರಗಿನ ಗಿಡದಾಗ ತನ್ನ ಜೀವಾ ಇಟ್ಟಾಳ. ಕಡೀ ಎಲಿ ಉದುರಿದ ದಿನ ನಾನೂ ಹೋಗ್ತೀನಿ ಅಂತಾಳ. ಅಪ್ಪನ ಜೀವ ಗಿಳಿಯಾಗ, ಗಿಳಿ ಜೀವ ಎಲಿಯಾಗ. ಆ ಎಲಿ ಯಾರ ಕೈಯಾಗ ಬಂತು? ಗಿಳಿ ಕುತಗಿ ಹಿಚುಕಿದಾವನ ಕೈಯಾಗ!

ಇದನ್ನ ಎರಡು ಸಿನಿಮಾ ಅಂತ ಹೆಂಗ ಅಂತೀರಿ? ಒಂದ ಕಥಿನ್ರಿ ಇದು, ಅಜ್ಜಿ ಕಥಿ.

ಉದ್ದಜಡೆ

ಜವಾರಿ ಅಣ್ಣ, ಮೈ ಜುಮ್ ಅಂತು ಓದಿ. ಮೂರು ಸಲ ನೋಡಿದ್ರೂ ನನಗೆ ಇದು ಹೊಳೆದಿರಲಿಲ್ಲ.

ಹಿಂದಿನ_ಬೆಂಚು

ಸರಿ, ಗಿಳಿ ಕಥೆಗೆ ನಾನು ಸೋತೆ. ಅದನ್ನ ಗಮನಿಸಿಯೇ ಇರಲಿಲ್ಲ.

ಆದ್ರೂ ಒಂದು ಕೇಳ್ತೀನಿ. ಅಪ್ಪನನ್ನ ಸಾಯಿಸಿದ ಮೋಸಗಾರ ಗಾಯ ಮಾಡ್ಕೊಂಡು ಮನೆಯೊಳಗೆ ಬಂದಿದ್ದಾನೆ. ಅವನನ್ನ ಹಿಡಿಯೋಕೆ ಸಹಾಯ ಮಾಡು ಅಂತ ಇನ್‌ಸ್ಪೆಕ್ಟರ್ ಮೊದಲೇ ಬಂದು ಕೇಳಿದ್ದಾನೆ. ಅವಳು ಯಾಕೆ ಹಿಡಿದುಕೊಡಲ್ಲ? ಪ್ರೀತಿ ಅಂತ ಹೇಳಬೇಡಿ. ಅದು ಉತ್ತರ ಅಲ್ಲ, ಅದು ಕಥೆಗಾರನ ಸಬೂಬು.

ಉದ್ದಜಡೆ

ಇದೇ ನನ್ನ ತಕರಾರು ಅಂದಿದ್ದೆನಲ್ಲ, ಅದು.

ಅವಳು ಹಿಡಿದುಕೊಡದೇ ಇರೋದು ನನಗೆ ಅರ್ಥ ಆಗುತ್ತೆ. ಅವಳಿಗೆ ಬೇಕಿರೋದು ಅವನಿಗೆ ಗಲ್ಲಾಗೋದಲ್ಲ, ಉತ್ತರ. ಯಾಕೆ ಹೋದೆ, ಅದರಲ್ಲಿ ಎಷ್ಟು ನಿಜ ಇತ್ತು, ಅಂತ ಮುಖ ನೋಡಿ ಕೇಳಬೇಕು. ಪೊಲೀಸರು ಕರ್ಕೊಂಡು ಹೋದ್ರೆ ಆ ಉತ್ತರ ಯಾವತ್ತೂ ಸಿಗಲ್ಲ. ತಾನೋ ಸಾಯ್ತಿದ್ದಾಳೆ, ಟೈಮಿಲ್ಲ. ಇಲ್ಲಿವರೆಗೆ ಸರಿ. ಅವರಿಬ್ಬರು ಕೂಗಾಡಿ ಕಿತ್ತಾಡೋದೂ ಸರಿ, ನನ್ನ ಪ್ರಕಾರ ಇಡೀ ಸಿನಿಮಾದಲ್ಲಿ ಅತ್ಯಂತ ಪ್ರಾಮಾಣಿಕ ಅನ್ನಿಸಿದ್ದು ಆ ಜಗಳ. ಪಾಖಿಯಾಗಿರೋ ಸೋನಾಕ್ಷಿ ಸಿನ್ಹಾ ಇಷ್ಟು ಚೆನ್ನಾಗಿ ಮಾಡಿದ್ದನ್ನ ನಾನು ಬೇರೆಲ್ಲೂ ನೋಡಿಲ್ಲ.

ನನಗೆ ಸಿಟ್ಟು ಬರೋದು ಆಮೇಲೆ. ಆ ಮರಕ್ಕೆ ಬಣ್ಣ ಬಳಿದ ಒಂದು ಎಲೆ ಕಟ್ಟಿದ ಮಾತ್ರಕ್ಕೆ ಎಲ್ಲ ಮಾಫಾ? ಅಪ್ಪನ ಲೆಕ್ಕ ಎಲ್ಲಿ ಹೋಯ್ತು? ಕೊನೆಯಲ್ಲಿ ಸಂಗೀತ ಏರಿಸಿ, ಅವನನ್ನ ಹಿಮದಲ್ಲಿ ಮರ ಹತ್ತಿಸಿ, ನಮ್ಮ ಕಣ್ಣಲ್ಲಿ ನೀರು ತರಿಸಿ, ಆ ಮುದುಕನ ವಿಷಯವನ್ನೇ ಮರೆಸಿಬಿಡ್ತಾರೆ. ಸಾಯೋ ಹುಡುಗಿಯನ್ನ ಉಳಿಸೋಕೆ ಒಬ್ಬ ಗಂಡಸು ಮಾಡಿದ ತ್ಯಾಗದ ಕಥೆ ಆಗಿಬಿಡುತ್ತೆ. ಅವಳ ಕಥೆ ಆಗಿದ್ದದ್ದು ಅವನ ಕಥೆ ಆಯ್ತು. ನನ್ನ ಮಟ್ಟಿಗೆ ದರೋಡೆ ಆಗಿದ್ದು ಅಲ್ಲಿ.

ಗುಬ್ಬಚ್ಚಿ

ಅಕ್ಕಾ 🔥

ಆದ್ರೆ ಅವನೂ ಸಾಯ್ತಾನಲ್ಲ. ಮಾಫಿ ಎಲ್ಲಿ ಸಿಕ್ತು?

ಉದ್ದಜಡೆ

ಸಿನಿಮಾದಲ್ಲಿ ಚೆಂದವಾಗಿ ಸಾಯೋದೂ ಒಂದು ಮಾಫಿನೇ ಗುಬ್ಬಿ. ಬದುಕಿ ಜೈಲಿಗೆ ಹೋಗಿದ್ರೆ ನೋಡ್ತಿದ್ದೆ.

ಸ್ಟೆತ್

ಸಾಯೋ ಹುಡುಗಿ, ಸಾಯೋ ಹುಡುಗಿ ಅಂತ ಎಲ್ಲರೂ ಹೇಳ್ತಿದ್ದೀರಿ. ವೃತ್ತಿಯ ಚಟ, ಮಧ್ಯೆ ಬಾಯಿ ಹಾಕ್ತೀನಿ.

1953ಕ್ಕೆ ಕ್ಷಯ ಅಂದ್ರೆ ಖಚಿತ ಸಾವು ಅಲ್ಲ. ಸ್ಟ್ರೆಪ್ಟೊಮೈಸಿನ್ 1943ರಲ್ಲೇ ಸಿಕ್ಕಿತ್ತು, ಪ್ಯಾಸ್ ಅನ್ನೋ ಔಷಧಿ ಅದರ ಹಿಂದೆಯೇ ಬಂತು, 1952ರಲ್ಲಿ ಐಸೊನಯಾಜಿಡ್ ಸೇರಿತು. ಮೂರನ್ನೂ ಸೇರಿಸಿ ಕೊಟ್ರೆ ಗುಣ ಆಗ್ತಿತ್ತು. ಆದ್ರೆ ಒಂದೂವರೆ, ಎರಡು ವರ್ಷ ಬಿಡದೆ ತಗೋಬೇಕು. ಸ್ಟ್ರೆಪ್ಟೊಮೈಸಿನ್ ಅಂದ್ರೆ ಸೂಜಿ, ನೋವು. ಜೊತೆಗೆ ಬೆಟ್ಟದ ಗಾಳಿ, ವಿಶ್ರಾಂತಿ, ಸ್ಯಾನಟೋರಿಯಂ (ಕ್ಷಯರೋಗಿಗಳನ್ನ ಇಟ್ಟು ನೋಡ್ಕೊಳ್ಳೋ ಆಸ್ಪತ್ರೆ) ಅಂತ ನಂಬಿದ್ದ ಕಾಲ ಅದು. ಮನೆಯಲ್ಲೇ ಔಷಧಿ ಕೊಟ್ರೂ ಸ್ಯಾನಟೋರಿಯಂನಷ್ಟೇ ಗುಣ ಆಗುತ್ತೆ ಅಂತ ಜಗತ್ತಿಗೆ ತೋರಿಸಿಕೊಟ್ಟಿದ್ದು ಮದರಾಸಿನ ಕ್ಷಯ ಸಂಶೋಧನಾ ಕೇಂದ್ರ, 1959ರಲ್ಲಿ. ಹಾಗಾಗಿ ಪಾಖಿಯನ್ನ ಡಾಲ್‌ಹೌಸಿಯಂಥ ಊರಲ್ಲಿ ಇಟ್ಟಿರೋದು ಆ ಕಾಲಕ್ಕೆ ಸರಿಯಾಗಿದೆ.

ಈಗ ನನ್ನ ಪಾಯಿಂಟು. ಅವಳು ಸಾಯ್ತಿರೋದು ಕ್ಷಯದಿಂದ ಮಾತ್ರ ಅಲ್ಲ. ಮದ್ದು ಇದೆ, ಡಾಕ್ಟರ್ ಇದಾರೆ, ಅವಳಿಗೇ ಬೇಕಾಗಿಲ್ಲ. ಅವಳ ಜೊತೆ ಗುದ್ದಾಡಿಯಾದರೂ ಇವನು ಸೂಜಿ ಚುಚ್ತಾನಲ್ಲ, ಆ ದೃಶ್ಯ ನೋಡುವಾಗ ನನಗೆ ಮೈಯೆಲ್ಲ ಬಿಗಿಯಿತು. ಮದ್ದು ಬೇಡ ಅನ್ನೋ ರೋಗಿಗಳನ್ನ ನೋಡಿದ್ದೀನಿ. ರೋಗಕ್ಕಿಂತ ಆ ‘ಬೇಡ’ ಕಷ್ಟ. ಅಂದಮೇಲೆ ನನಗೆ ಸಸ್ಪೆನ್ಸ್ ಇದ್ದದ್ದು ಪೊಲೀಸರು ಹಿಡೀತಾರಾ ಅನ್ನೋದರಲ್ಲಿ ಅಲ್ಲವೇ ಅಲ್ಲ. ಈ ಹುಡುಗಿ ಬದುಕ್ತೀನಿ ಅಂತ ಒಪ್ಕೋತಾಳಾ ಅನ್ನೋದರಲ್ಲಿ. ಉದ್ದಜಡೆ ಮೇಡಂ, ಹಾಗೆ ನೋಡಿದ್ರೆ ಕೊನೆವರೆಗೂ ಅದು ಅವಳ ಕಥೆಯೇ.

ಉದ್ದಜಡೆ

ಡಾಕ್ಟ್ರೇ, ಯೋಚನೆಗೆ ಹಚ್ಚಿದ್ರಿ. ಇವತ್ತು ಒಪ್ಪಲ್ಲ, ನಾಳೆ ನೋಡೋಣ.

ಮಸಿಕುಡಿಕೆ

ಡಾಲ್‌ಹೌಸಿ ಅಂದಿರಲ್ಲ, ಒಂದು ಸಣ್ಣ ತಲೆಹರಟೆ. ಇವತ್ತು ಅದು ಹಿಮಾಚಲದ ಚಂಬಾ ಜಿಲ್ಲೆ. ಆದರೆ ಕಥೆಯ ಕಾಲಕ್ಕೆ ಅದು ಪಂಜಾಬಿನ ಗುರುದಾಸಪುರ ಜಿಲ್ಲೆಗೆ ಸೇರಿತ್ತು, ಹಿಮಾಚಲಕ್ಕೆ ಹೋದದ್ದು 1966ರಲ್ಲಿ. ಪರೀಕ್ಷೆಗೆ ಬರುವುದಿಲ್ಲ, ಬಿಟ್ಟುಬಿಡಿ.

ಹಳೆ_ರೀಲು

ತಲೆಹರಟೆಗೆ ನನ್ನದೂ ಒಂದು. ವರುಣನ ಗೆಳೆಯನ ಹೆಸರು ದೇವದಾಸ್, ಅವನಿಗೆ ದೇವ್ ಆನಂದ್ ಹುಚ್ಚು. ಬೆನ್ನು ಹತ್ತಿದ ಪೊಲೀಸ್ ಅಧಿಕಾರಿಯ ಹೆಸರು ಕೆ.ಎನ್. ಸಿಂಗ್. ದೇವ್ ಆನಂದ್‌ಗೆ ಹೆಸರು ತಂದುಕೊಟ್ಟ 1951ರ ‘ಬಾಜಿ’ ಚಿತ್ರದಲ್ಲಿ ಖಳನಾಗಿ ಮಾಡಿದ ನಟ ಯಾರು ಗೊತ್ತೆ? ಕೆ.ಎನ್. ಸಿಂಗ್! ಅಲ್ಲಿ ಜೂಜಿನ ಅಡ್ಡೆಯ ಖಳ, ಇಲ್ಲಿ ಅದೇ ಹೆಸರಿನ ಪೊಲೀಸು. ಇದು ನಿರ್ದೇಶಕರ ಕಣ್ಣುಮಿಟುಕು. ಕಳ್ಳರೇ ನಾಯಕರಾದ ಕಥೆಯಲ್ಲಿ ಪೊಲೀಸನೇ ಖಳ ಅನ್ನಿಸುವ ಹಾಗೆ ನಮ್ಮನ್ನು ಕೂರಿಸಿದ್ದಾರೆ ಅಂತಲೂ ಓದಬಹುದು.

ಗುಬ್ಬಚ್ಚಿ

ಇದೆಲ್ಲ ಓಕೆ, ಆದ್ರೆ ಲಾಜಿಕ್ಕು? ಅಷ್ಟು ಹಿಮ, ಅಷ್ಟು ಗಾಳಿ, ಮರ ಬೋಳು. ಒಂದೇ ಒಂದು ಎಲೆ ಹಸಿರಾಗಿ ನಿಂತಿದೆ. ಕಥೆ ಬರೆಯೋ ಹುಡುಗಿ, ಓದಿದವಳು, ಕಿಟಕಿಯಿಂದ ದಿನಾ ನೋಡ್ತಾಳೆ. ಒಂದು ದಿನವೂ ಡೌಟು ಬರಲ್ವಾ?

ಸ್ಟೆತ್

ನಂಬಬೇಕು ಅಂತ ಮನಸ್ಸಿದ್ದವರಿಗೆ ಡೌಟು ಬರಲ್ಲ ಮಗಾ. ಮೊದಲರ್ಧದಲ್ಲಿ ಅವನ ಮೇಲೆ ಯಾಕೆ ಡೌಟು ಬರಲಿಲ್ಲ ಅವಳಿಗೆ?

ಗುಬ್ಬಚ್ಚಿ

...ಓಹ್.

ರಾತ್ರಿಪಾಳಿ

ಗುಬ್ಬಿ ಸೈಲೆಂಟ್ ಆಯ್ತು. ಇತಿಹಾಸದಲ್ಲಿ ಮೊದಲ ಸಲ.

ಹಳೆ_ರೀಲು

ಎಲೆಯ ವಿಷಯ ಬಂದದ್ದರಿಂದ ಮೂಲಕಥೆಯ ಬಗ್ಗೆ ಬರೆಯದೆ ಇರಲಾರೆ.

ಚಿತ್ರದ ಎರಡನೇ ಅರ್ಧ ಅಮೆರಿಕದ ಲೇಖಕ ಓ. ಹೆನ್ರಿಯ ‘ದಿ ಲಾಸ್ಟ್ ಲೀಫ್’ ಕಥೆಯ ಮೇಲೆ ನಿಂತಿದೆ, 1907ರ ಸಂಕಲನದಲ್ಲಿದೆ. ನ್ಯೂಯಾರ್ಕಿನ ಗ್ರೆನಿಚ್ ವಿಲೇಜು, ಬಡ ಕಲಾವಿದೆಯರಿಬ್ಬರು, ಅದರಲ್ಲೊಬ್ಬಳಿಗೆ ನ್ಯುಮೋನಿಯಾ. ಎದುರುಗೋಡೆಯ ಬಳ್ಳಿಯಲ್ಲಿ ಎಲೆ ಎಣಿಸುತ್ತ ಮಲಗಿದ್ದಾಳೆ. ಕೆಳಗಿನ ಮನೆಯಲ್ಲಿ ಬೆರ್ಮನ್ ಅಂತ ಒಬ್ಬ ಮುದುಕ ಚಿತ್ರಕಾರ, ಇವತ್ತಲ್ಲ ನಾಳೆ ಒಂದು ಮಹಾಕೃತಿ ಬರೆಯುತ್ತೇನೆ ಅಂತ ಹೇಳಿಕೊಂಡೇ ಆಯುಷ್ಯ ಕಳೆದವನು. ಮಳೆಗಾಳಿಯ ರಾತ್ರಿ ಹೊರಗೆ ಹೋಗಿ ಗೋಡೆಯ ಮೇಲೆ ಎಲೆ ಬಿಡಿಸುತ್ತಾನೆ, ಅವಳು ಉಳಿಯುತ್ತಾಳೆ, ಅವನು ನ್ಯುಮೋನಿಯಾ ಹತ್ತಿ ಸಾಯುತ್ತಾನೆ. ಅಲ್ಲಿ ಪ್ರೇಮವೂ ಇಲ್ಲ, ಮೋಸವೂ ಇಲ್ಲ. ಮುದುಕನಿಗೆ ಆ ಹುಡುಗಿಯ ಋಣವೇ ಇಲ್ಲ. ಅದಕ್ಕೇ ಅದು ಶುದ್ಧ.

ಇಲ್ಲಿ ಮುದುಕನ ಜಾಗದಲ್ಲಿ ಮೋಸಗಾರ ಪ್ರಿಯಕರನನ್ನು ಇಟ್ಟಿದ್ದಾರೆ. ಅವನೂ ಒಂದು ದಿನ ದೊಡ್ಡದೊಂದು ಚಿತ್ರ ಬರೆಯುತ್ತೇನೆ ಅನ್ನುವವನೇ. ಆದರೆ ಇವನಿಗೆ ಋಣ ಇದೆ, ತಲೆಮೇಲೆ ಹೊರಲಾರದಷ್ಟು. ಹಾಗಾಗಿ ಅದೇ ಎಲೆ ಇಲ್ಲಿ ದಾನವಲ್ಲ, ಕಂತು. ಉದ್ದಜಡೆಯವರು ‘ಅಪ್ಪನ ಲೆಕ್ಕ ಎಲ್ಲಿ’ ಅಂದದ್ದು ಸರಿಯಾದ ಪ್ರಶ್ನೆ, ಯಾಕೆಂದರೆ ಕಂತು ಕಟ್ಟಿದರೂ ಅಸಲು ತೀರಿಲ್ಲ. ತೀರಿತು ಅಂತ ಚಿತ್ರ ಹೇಳುತ್ತದೆ ಅಂತ ನನಗನ್ನಿಸುವುದಿಲ್ಲ. ಸಂಗೀತ ಹಾಗೆ ಹೇಳುತ್ತದೆ, ಅದನ್ನು ಒಪ್ಪುತ್ತೇನೆ. ಅಮಿತ್ ತ್ರಿವೇದಿಯವರು ಅಲ್ಲಿ ಸ್ವಲ್ಪ ಕೈ ತಡೆಯಬಹುದಿತ್ತು.

ಮಸಿಕುಡಿಕೆ

ಹಳೆ ರೀಲು ಅವರೇ, ಓ. ಹೆನ್ರಿ ಹೆಸರು ತೆಗೆದಿರಿ, ಅರ್ಧಕ್ಕೇ ನಿಲ್ಲಿಸಿದಿರಿ. ಆ ಲೇಖಕನ ಸ್ವಂತ ಬದುಕು ನೋಡಿದರೆ ಈ ಚಿತ್ರದ ಎರಡನೇ ಅರ್ಧ ಇನ್ನೊಂದು ಥರ ಕಾಣುತ್ತದೆ.

ಅವನ ನಿಜವಾದ ಹೆಸರು ವಿಲಿಯಂ ಸಿಡ್ನಿ ಪೋರ್ಟರ್. ಟೆಕ್ಸಾಸಿನ ಆಸ್ಟಿನ್‌ನಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದ. ಹಣ ದುರುಪಯೋಗದ ಆರೋಪ ಬಂತು. 1896ರಲ್ಲಿ ವಿಚಾರಣೆಗೆ ಹೋಗುವ ಬದಲು ತಪ್ಪಿಸಿಕೊಂಡು ಹೊಂಡುರಾಸಿಗೆ ಓಡಿದ. ಅಲ್ಲಿಂದ ಅವನನ್ನು ಎಳೆದು ತರಲು ಯಾರಿಗೂ ಸುಲಭವಿರಲಿಲ್ಲ, ಉಳಿದುಬಿಡಬಹುದಿತ್ತು. ಆದರೆ ಊರಲ್ಲಿ ಹೆಂಡತಿ ಕ್ಷಯದಿಂದ ಸಾಯುತ್ತಿದ್ದಾಳೆ ಅನ್ನುವ ಸುದ್ದಿ ತಲುಪಿತು. 1897ರಲ್ಲಿ ವಾಪಸ್ ಬಂದ. ಕಾನೂನಿಗೆ ಶರಣಾದ. ಅದೇ ವರ್ಷ ಅವಳು ತೀರಿಕೊಂಡಳು. ಮರುವರ್ಷ ಶಿಕ್ಷೆಯಾಗಿ ಒಹಾಯೋ ಜೈಲಿಗೆ ಹೋದ, 1901ರಲ್ಲಿ ಹೊರಬಂದ. ಓ. ಹೆನ್ರಿ ಅನ್ನುವ ಹೆಸರು ಗಟ್ಟಿಯಾದದ್ದು ಆ ಜೈಲಿನ ದಿನಗಳಲ್ಲಿ.

ಪೊಲೀಸರಿಗೆ ಬೇಕಾದವನು, ಕ್ಷಯದ ಹೆಂಗಸು, ಓಡಿಹೋಗುವ ದಾರಿ ತೆರೆದಿದ್ದರೂ ಹಾಸಿಗೆಯ ಪಕ್ಕ ಬಂದು ಕೂರುವುದು. ಕಥೆಯಲ್ಲಿ ಇಲ್ಲದ್ದು, ಕಥೆಗಾರನ ಬದುಕಿನಲ್ಲಿ ಇದ್ದದ್ದು, ನೂರು ವರ್ಷ ಕಳೆದು ಡಾಲ್‌ಹೌಸಿಯ ಹಿಮದ ಮನೆಯೊಳಗೆ ಬಂದು ಕೂತಿದೆ. ಕಾಕತಾಳೀಯ ಅನ್ನಿ, ಏನಾದರೂ ಅನ್ನಿ.

ಜವಾರಿ_ಮಾತು

ಅಬ್ಬಬ್ಬಬ್ಬ. ಸರ್, ಇದನ್ನ ಓದಿ ಚಾ ಆರಿ ಹೋತ್ರಿ.

ಹಿಂದಿನ_ಬೆಂಚು

ಮಸಿಕುಡಿಕೆ ಸರ್, ಇದು ನನಗೆ ಹೊಸದು. ‘ತಿರುವು ಕೊಡೋ ಲೇಖಕ’ ಅಂತ ಅಷ್ಟೇ ಗೊತ್ತಿತ್ತು.

ಇದನ್ನ ಓದಿ ಈಗಷ್ಟೇ ಕೊನೆಯ ಇಪ್ಪತ್ತು ನಿಮಿಷ ಮತ್ತೆ ಹಾಕ್ಕೊಂಡು ನೋಡಿದೆ. ನನ್ನ ಮೂಲ ದೂರಿನಲ್ಲಿ ಒಂದು ತಪ್ಪಿದೆ, ಒಪ್ಕೋತೀನಿ. ಎರಡನೇ ಅರ್ಧವನ್ನ ನಾನು ಪೊಲೀಸ್ ಕಥೆ ಅಂತ ನೋಡ್ತಿದ್ದೆ. ಸಿಕ್ಕಿಬೀಳ್ತಾನಾ ಇಲ್ವಾ ಅಂತ. ಆ ಲೆಕ್ಕದಲ್ಲಿ ನೋಡಿದ್ರೆ ಅದು ಸಪ್ಪೆ, ಯಾಕಂದ್ರೆ ಸಿಕ್ಕಿಬೀಳ್ತಾನೆ ಅಂತ ನಮಗೆ ಗೊತ್ತೇ ಇರುತ್ತೆ, ಅವನಿಗೂ ಗೊತ್ತಿರುತ್ತೆ. ಈ ಸಲ ನಾನು ನೋಡಿದ್ದು ಅವನ ಕೈಗಳನ್ನ. ಗಾಯ, ಹಿಮ, ಕೊಂಬೆ ಜಾರ್ತಿದೆ, ಎಲೆಯನ್ನ ಗಾಳಿಗೆ ಹಾರದ ಹಾಗೆ ಕಟ್ಟಬೇಕು. ಗಂಟು ನಿಲ್ಲುತ್ತಾ? ನಂಬಿ, ಎರಡು ಸಲ ನೋಡಿ ಗೊತ್ತಿದ್ದೂ ಉಸಿರು ಬಿಗಿಹಿಡಿದೆ. ಗುಂಡಿನ ಚಕಮಕಿಯಲ್ಲಿ ಆಗದ್ದು ಒಂದು ಗಂಟಲ್ಲಿ ಆಯ್ತು.

ಆದ್ರೂ ಎಲ್ಲದಕ್ಕೂ ತಲೆ ಆಡಿಸಲ್ಲ. ಆ ಪೊಲೀಸ್ ಅಟ್ಟಾಟದ ಭಾಗ ಉದ್ದ ಆಯ್ತು, ದೇವದಾಸ್ ಸಾಯೋದನ್ನ ಅವಸರವಸರವಾಗಿ ಮುಗಿಸಿದ್ರು. ಮೊದಲರ್ಧದಲ್ಲಿ ಹಿಂದಿ ಕವಿ ನಾಗಾರ್ಜುನರ ಬರಗಾಲದ ಕವಿತೆ ಓದೋ ದೃಶ್ಯಕ್ಕೆ ಕೊಟ್ಟ ಸಮಯದಲ್ಲಿ ಕಾಲುಭಾಗ ಆ ಗೆಳೆಯನ ಸಾವಿಗೆ ಕೊಟ್ಟಿದ್ರೂ ಸಾಕಿತ್ತು.

ಗುಬ್ಬಚ್ಚಿ

ದೇವದಾಸ್‌ಗೆ ನ್ಯಾಯ ಬೇಕು!! ವಿಕ್ರಾಂತ್ ಮಾಸ್ಸಿ ಇರೋ ಕಡೆಯೆಲ್ಲ ನಾನು ನಗ್ತಿದ್ದೆ. ಆಮೇಲೆ ಯಾರೂ ಅವನ ಹೆಸರೇ ಎತ್ತಲ್ಲ.

ಸ್ಟೆತ್

ಒಂದು ಪ್ರಶ್ನೆ ಎಲ್ಲರಿಗೂ. ಕೊನೆಯಲ್ಲಿ ಪಾಖಿ ಎಲೆಯನ್ನ ನೋಡ್ತಾಳೆ, ಅದು ಬಣ್ಣದ್ದು ಅಂತ ತಿಳಿಯುತ್ತೆ, ಅಳು-ನಗು ಎರಡೂ ಬರುತ್ತೆ. ಗುಟ್ಟು ಗೊತ್ತಾದ ಮೇಲೆ ಎಲೆಯ ಶಕ್ತಿ ಉಳಿಯುತ್ತಾ? ಎಲೆ ನಿಜ ಅಂತ ನಂಬಿದ್ದಕ್ಕಲ್ವಾ ಅವಳು ಇಷ್ಟು ದಿನ ಹಿಡ್ಕೊಂಡಿದ್ದು?

ಜವಾರಿ_ಮಾತು

ಡಾಕ್ಟರ್ ಸಾಹೇಬ್ರ, ಎಲಿ ನಿಜ ಅಲ್ಲ ಅಂತ ಗೊತ್ತಾದ ಗಳಿಗಿಗೆ ಇನ್ನೊಂದು ನಿಜ ಅಂತ ಗೊತ್ತಾತಲ್ರಿ ಅಕಿಗೆ. ಅಂವ ಮೊದಲ ಮಾಡಿದ್ದೆಲ್ಲಾ ನಿಜದಂಗ ಕಾಣೂ ಸುಳ್ಳು. ಇದು ಸುಳ್ಳಿನಂಗ ಕಾಣೂ ನಿಜ.

ಉದ್ದಜಡೆ

ಜವಾರಿ ಅಣ್ಣ, ನೀವು ಹೇಳೋದು ಕೇಳೋಕೆ ಚೆಂದ, ನಾನು ಅಷ್ಟು ಸುಲಭಕ್ಕೆ ಕರಗಲ್ಲ. ನಾಳೆ ಬೆಳಿಗ್ಗೆ ಅವಳು ಎದ್ದಾಗ ಅಪ್ಪ ಇಲ್ಲ, ಹವೇಲಿ ಇಲ್ಲ, ಅವನೂ ಇಲ್ಲ. ಒಂದೂವರೆ ವರ್ಷ ಸೂಜಿ ಚುಚ್ಚಿಸ್ಕೋಬೇಕು, ಅದೂ ಡಾಕ್ಟ್ರು ಹೇಳಿದ ಲೆಕ್ಕ. ಆ ಸಿನಿಮಾ ಯಾರು ತೆಗೀತಾರೆ?

ಸ್ಟೆತ್

ಅದನ್ನ ದಿನಾ ನೋಡ್ತೀನಿ ಮೇಡಂ, ಟಿಕೆಟ್ ಇಲ್ಲದೆ.

ರಾತ್ರಿಪಾಳಿ

ಇಷ್ಟೆಲ್ಲ ಓದಿ ನಾನೂ ಇವತ್ತು ಮತ್ತೆ ನೋಡ್ತೀನಿ. ಹೆಡ್‌ಫೋನ್ ಹಾಕ್ಕೊಂಡು. ಹೋದ ಸಲ ಅವರು ಪಿಸುಗುಟ್ಟಿದ್ದೇನು ಅಂತ ಈಗಲಾದ್ರೂ ಕೇಳಬೇಕು.

ಗುಬ್ಬಚ್ಚಿ

ಅರ್ಧ ಗಂಟೆ ಹೊತ್ತಿಗೆ ಗೆಳೆಯರಿಬ್ಬರ ಗುಸುಗುಸು ಬರುತ್ತೆ, ಅಲ್ಲಿ ವಾಲ್ಯೂಮ್ ಜಾಸ್ತಿ ಮಾಡು.